ಬಾಗೇವಾಡಿಯ ಮಾದಿರಾಜನ ಮಗ: ಬಸವಣ್ಣನವರ ಪಿತೃತ್ವವನ್ನು ಕುರಿತ ಸಾಕ್ಷ್ಯ

ಬಸವಣ್ಣನವರು ತಮ್ಮ ಹುಟ್ಟನ್ನು ಕುರಿತು ಹೇಳಿಕೊಂಡ ಮಾತುಗಳು ಇತಿಹಾಸಕಾರನನ್ನು ಒಮ್ಮೆಗೇ ತಡೆದು ನಿಲ್ಲಿಸುತ್ತವೆ. ಒಂದು ವಚನದಲ್ಲಿ ಮಾದಾರ ಚೆನ್ನಯ್ಯನನ್ನು ಅವರು ತಂದೆಯೆನ್ನುತ್ತಾರೆ. ಡೋಹರ ಕಕ್ಕಯ್ಯನನ್ನೂ ಪಿತೃಸ್ಥಾನದಲ್ಲಿರಿಸುತ್ತಾರೆ. ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದು ಕರೆಯುತ್ತಾರೆ. ಇನ್ನೊಂದು ವಚನದಲ್ಲಿ ಚೆನ್ನಯ್ಯನ ಮನೆಯ ಆಳಿನ ಕಡೆಯಿಂದಲೂ ಕಕ್ಕಯ್ಯನ ಮನೆಯ ತೊತ್ತಿನ ಕಡೆಯಿಂದಲೂ ತಾವು ಬಂದವರೆಂದು ಸಾರುತ್ತಾರೆ. ಹುಟ್ಟಿನ ಹಿರಿಮೆಯನ್ನು ಹೀಗೆ ಬುದ್ಧಿಪೂರ್ವಕವಾಗಿ ತೊರೆದ ಮಹಾಪುರುಷರ ತಂದೆತಾಯಿಗಳು ಯಾರೆಂದು ಶೋಧಿಸುವುದು ಅವರ ತತ್ತ್ವಕ್ಕೆ ಒಪ್ಪುವ ಕೆಲಸವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮೊದಲು, ಅವರ ಪಿತೃತ್ವವನ್ನು ಕುರಿತು ದೊರೆಯುವ ಸಾಕ್ಷ್ಯಗಳಾವುವು, ಅವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಯುಕ್ತ.

ವಂಶಸ್ಮರಣೆಯ ಬಗೆಗಳು

ಮನೆತನದ ಮೂಲಪುರುಷನ ಹೆಸರನ್ನು ಉಳಿಸಿಕೊಳ್ಳುವ ಹಂಬಲ ಕನ್ನಡ ನಾಡಿಗೆ ಹೊಸದಲ್ಲ. ಸುಗ್ಗಿಯಾದ ಮೇಲೆ ಎತ್ತನ್ನೇರಿ ಊರಿಗೆ ಬರುವ ಹೆಳವರು ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆಯ ಹಿರಿಯರು ಯಾವ ಊರಿನಿಂದ ಬಂದರು, ಯಾರ ಮಗ ಯಾರು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ತಡೆಯಿಲ್ಲದೆ ಹೇಳುತ್ತಿದ್ದುದು ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ತಿಳಿದ ವಿಷಯ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥವು ಹೆಳವರನ್ನು ಗ್ರಾಮಚರಿತ್ರೆಯ ರಕ್ಷಕರೆಂದೇ ವರ್ಣಿಸಿದೆ. ಕಾಳು, ಬಟ್ಟೆ, ದನಕರುಗಳ ಕಾಣಿಕೆ ಪಡೆದು ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಿಗೆಗೆ ಸೇರಿಸಿಕೊಂಡು ಹೋಗುವ ಈ ಪದ್ಧತಿಯಲ್ಲಿ ಒಂದು ಗುಣವೂ ಒಂದು ದೋಷವೂ ಕೂಡಿಯೇ ಇವೆ. ತಲೆಮಾರಿನಿಂದ ತಲೆಮಾರಿಗೆ ಹೆಸರು ತಪ್ಪದಂತೆ ಸಾಗಿಬರುವುದು ಗುಣ. ಕೇಳುವವನ ಮನೆತನವನ್ನು ಮೆರೆಸುವ ಹೊಗಳಿಕೆ ನಡುವೆ ನುಸುಳುವುದು ದೋಷ. ವಂಶದ ದಾಖಲೆಯನ್ನು ಪರೀಕ್ಷಿಸುವವನು ಈ ಗುಣದೋಷಗಳೆರಡನ್ನೂ ಎಂದೂ ಮರೆಯಬಾರದು. ಬಸವಣ್ಣನವರ ವಿಷಯದಲ್ಲಿಯೂ ಇದೇ ವಿವೇಕ ಅಗತ್ಯ.

ಅವರ ಹುಟ್ಟನ್ನು ತಿಳಿಸುವ ಆಧಾರಗಳು ಮೂರು ಬಗೆಯವು: ಭಕ್ತಕವಿಗಳ ಕಾವ್ಯಗಳು, ಶಿಲಾಶಾಸನ, ಸ್ವತಃ ಅವರ ವಚನಗಳು. ಈ ಮೂರೂ ಬೇರೆ ಬೇರೆ ಉದ್ದೇಶದಿಂದ ಹುಟ್ಟಿದವುಗಳಾದುದರಿಂದ ಒಂದೇ ಅಳತೆಗೋಲಿನಿಂದ ಅಳೆಯತಕ್ಕವಲ್ಲ.

ಕವಿಗಳ ಸಾಕ್ಷ್ಯ

ಬಸವಣ್ಣನವರಿಗೆ ಕಾಲದಲ್ಲಿ ಅತ್ಯಂತ ಸಮೀಪನಾದ ಚರಿತ್ರಕಾರನೆಂದರೆ ಹಂಪೆಯ ಹರಿಹರ. ಅವನ ‘ಬಸವರಾಜದೇವರ ರಗಳೆ’ಯು ಬಾಗೇವಾಡಿಯ ಮಾದರಸ ಮತ್ತು ಮಾದಾಂಬೆಯರನ್ನು ತಂದೆತಾಯಿಗಳೆಂದು ಹೇಳುತ್ತದೆ. ಆ ಕೃತಿಯ ಪ್ರಕಾರ ಬಸವಣ್ಣನವರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಆಶ್ರಯದಲ್ಲಿ ಬೆಳೆದರು; ಹದಿನಾರನೆಯ ವಯಸ್ಸಿನಲ್ಲಿ ಜನಿವಾರವನ್ನು ಕಿತ್ತೊಗೆದು ಕಪ್ಪಡಿಸಂಗಮಕ್ಕೆ ಹೊರಟರು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಕನ್ನಡದಲ್ಲಿ ರಚಿಸಿದ ಬಸವಪುರಾಣವೂ ಮಾದಿರಾಜನನ್ನು ತಂದೆಯೆನ್ನುತ್ತವೆ. ತಾಯಿಯ ಹೆಸರು ಮಾದಾಂಬೆ, ಮಾದಲಾಂಬಿಕೆ ಎಂಬ ರೂಪಗಳಲ್ಲಿ ಬರುತ್ತದೆ. ಆದರೆ ಕಥೆ ಇಲ್ಲಿ ಬೇರೆಯದು. ಪುತ್ರಾಪೇಕ್ಷೆಯಿಂದ ತಾಯಿ ನಂದಿಕೇಶ್ವರನ ವ್ರತವನ್ನು ಆಚರಿಸುತ್ತಾಳೆ. ನಂದಿಯೇ ಮಗನಾಗಿ ಅವತರಿಸುತ್ತಾನೆ. ಉಪನಯನದ ವೇಳೆಗೆ ತಂದೆ ಜೀವಂತನಾಗಿದ್ದು, ಮಗನು ಅವನೊಡನೆ ವಾದಿಸಿ ಆ ಸಂಸ್ಕಾರವನ್ನು ನಿರಾಕರಿಸುತ್ತಾನೆ.

ತಂದೆ ಎಂದು ತೀರಿಕೊಂಡನು, ಉಪನಯನ ನಡೆಯಿತೇ ಇಲ್ಲವೇ, ಮನೆಯನ್ನು ತೊರೆದುದು ಹೇಗೆ ಎಂಬ ವಿಷಯಗಳಲ್ಲಿ ಈ ಕವಿಗಳು ಪರಸ್ಪರ ಒಪ್ಪುವುದಿಲ್ಲ. ಈ ಭಿನ್ನಾಭಿಪ್ರಾಯವನ್ನು ಮುಂದಿಟ್ಟುಕೊಂಡು ಕಾವ್ಯಗಳೆಲ್ಲವೂ ಅವಿಶ್ವಸನೀಯವೆಂದು ತಳ್ಳಿಹಾಕುವವರುಂಟು. ನ್ಯಾಯದೃಷ್ಟಿಯಿಂದ ನೋಡಿದರೆ ಫಲಿತಾಂಶ ಇದಕ್ಕೆ ವಿರುದ್ಧವಾಗುತ್ತದೆ. ಘಟನೆಗಳಲ್ಲಿ ಹೀಗೆ ಬೇರೆ ಬೇರೆ ದಾರಿ ಹಿಡಿದಿರುವ ಹರಿಹರನೂ ಸೋಮನಾಥನೂ ಒಬ್ಬರನ್ನು ನೋಡಿ ಒಬ್ಬರು ಬರೆದವರಲ್ಲ. ಕನ್ನಡದ ಕವಿಗೂ ತೆಲುಗಿನ ಕವಿಗೂ ಬೇರೆ ಬೇರೆ ಪರಂಪರೆಯಿಂದ ಕಥೆ ಬಂದಿದ್ದರೂ ತಂದೆಯ ಹೆಸರು ಒಂದೇ ಆಗಿ ಉಳಿದಿದೆ. ಮಾದರಸ, ಮಾದಿರಾಜ ಎಂಬ ಎರಡು ರೂಪಗಳಿಂದ ಸಂಶಯಪಡಬೇಕಾಗಿಲ್ಲ. ‘ಅರಸ’ ಎಂಬ ಕನ್ನಡ ರೂಪದ ಸ್ಥಾನದಲ್ಲಿ ‘ರಾಜ’ ಎಂಬ ಸಂಸ್ಕೃತ ಶಬ್ದ ನಿಂತಿದೆ, ಅಷ್ಟೆ.

ಆದರೂ ಕಾವ್ಯವು ಕಾವ್ಯವೇ. ಹರಿಹರನು ಕಥೆಯನ್ನು ಕೈಲಾಸದಿಂದ ಆರಂಭಿಸುತ್ತಾನೆ. ಭಕ್ತಿಯ ಮಹಿಮೆಯನ್ನು ಮೆರೆಸುವುದು ಅವನ ಉದ್ದೇಶ, ಮನೆತನದ ಲೆಕ್ಕವನ್ನೊಪ್ಪಿಸುವುದಲ್ಲ. ಆದುದರಿಂದ ಕಾವ್ಯದ ಮಾತಿಗೆ ಹೊರಗಿನಿಂದ ಒಂದು ಆಸರೆ ಬೇಕಾಗಿತ್ತು.

ಮನಗೂಳಿಯ ಬಸವ

ಆ ಆಸರೆಯನ್ನು ಹುಡುಕುವ ಪ್ರಯತ್ನ ಮೊದಲು ತಪ್ಪು ದಾರಿಗೆ ಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಶಾಸನತಜ್ಞ ಡಾ. ಫ್ಲೀಟರು, ಬಸವಣ್ಣನವರ ಹೆಸರು ಶಾಸನಗಳಲ್ಲಿ ದೊರೆಯದಿರುವುದನ್ನು ಕಂಡು ಪುರಾಣಗಳ ಕಥನವನ್ನೇ ಸಂದೇಹಿಸಿದ್ದರು. ಮುಂದೆ ಬಾಗೇವಾಡಿಗೆ ಸಮೀಪದ ಮನಗೂಳಿಯ ಶಾಸನಗಳು ಬೆಳಕಿಗೆ ಬಂದವು. ಬಿಜ್ಜಳನ ಕಾಲದ ಆ ಶಾಸನದಲ್ಲಿ, ದೇವಾಲಯವೊಂದನ್ನು ಸ್ಥಾಪಿಸಿದ ಶಿವಭಕ್ತನಾದ ಬಸವನೆಂಬ ವ್ಯಕ್ತಿಯ ಉಲ್ಲೇಖವಿದೆ. ಕಾಲ ಒಂದೇ, ಪ್ರದೇಶ ಒಂದೇ, ಹೆಸರು ಒಂದೇ, ಶಿವಭಕ್ತಿಯೂ ಉಂಟು. ಇವನೇ ಪ್ರಸಿದ್ಧನಾದ ಬಸವನಿರಬೇಕೆಂಬ ಊಹೆ ಹುಟ್ಟಿತು. 1911ರ ಬ್ರಿಟಾನಿಕಾ ವಿಶ್ವಕೋಶದ ಲಿಂಗಾಯತರನ್ನು ಕುರಿತ ಲೇಖನದಲ್ಲಿಯೂ ಈ ಶಾಸನಕ್ಕೆ ಸ್ಥಾನ ದೊರೆಯಿತು.

ಆದರೆ ಆ ಬಸವನು ರೇವದಾಸನ ಮೊಮ್ಮಗ, ಚಂದಿರಾಜನ ಮಗ. ಈ ಊಹೆಯನ್ನು ಒಪ್ಪಿದರೆ ಹರಿಹರ, ಸೋಮನಾಥ, ಭೀಮಕವಿ ಮೂವರೂ ತಂದೆಯ ಹೆಸರಿನಲ್ಲಿಯೇ ತಪ್ಪಿದರೆಂದು ಹೇಳಬೇಕಾಗುತ್ತಿತ್ತು.

ಇಲ್ಲಿ ನಡೆದ ದೋಷ ವಂಶಶೋಧನೆಯಲ್ಲಿ ಅತ್ಯಂತ ಸಾಮಾನ್ಯವಾದುದು. ಹೆಸರಿನ ಸಾಮ್ಯವನ್ನು ವ್ಯಕ್ತಿಯ ಐಕ್ಯವೆಂದು ಭ್ರಮಿಸುವುದೇ ಆ ದೋಷ. ಶೈವ ಕುಟುಂಬಗಳಲ್ಲಿ ಬಸವನೆಂಬ ಹೆಸರು ಅಂದು ವಿರಳವಾಗಿರಲಿಲ್ಲ. ಮಾದರಸನೆಂಬ ಹೆಸರೂ ಹಾಗೆಯೇ. ‘ಸಕಳೇಶ್ವರ’ ಅಂಕಿತದ ವಚನಕಾರರಾದ ಸಕಳೇಶ ಮಾದರಸರನ್ನು ಹೆಸರು ಒಂದೇ ಎಂಬ ಕಾರಣಕ್ಕೆ ಬಸವಣ್ಣನವರ ತಂದೆಯೆಂದು ಯಾರೂ ತಿಳಿಯುವುದಿಲ್ಲ. ತಂದೆಯ ಹೆಸರು, ಊರು, ಇಷ್ಟದೈವ ಇವುಗಳಲ್ಲಿ ಎರಡಾದರೂ ಕೂಡಿಬಾರದ ಹೊರತು ಇಬ್ಬರನ್ನು ಒಬ್ಬರೆನ್ನುವುದು ಸಾಹಸವಾಗುತ್ತದೆ. ಮನಗೂಳಿಯ ಬಸವನಲ್ಲಿ ತಂದೆ ಬೇರೆ, ಊರು ಬೇರೆ, ಕೂಡಲಸಂಗಮನ ನೆರಳೂ ಇಲ್ಲ.

ಅರ್ಜುನವಾಡದ ಕಲ್ಲು

ಈ ಗೊಂದಲವನ್ನು ಪರಿಹರಿಸಿದುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ. ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟವಾದ ಈ ಶಾಸನವು ದೇವಗಿರಿಯ ಸೇವುಣ ಅರಸ ಕನ್ನರನ ಕಾಲದ್ದು. ಶಕ ವರ್ಷ 1182, ಎಂದರೆ ಕ್ರಿ.ಶ. 1260. ಬಸವಣ್ಣನವರು ಲಿಂಗೈಕ್ಯರಾಗಿ ಅಂದಿಗೆ ಸುಮಾರು 90 ವರ್ಷಗಳಾಗಿದ್ದವು.

ಶಾಸನವು ಹೇಳುವುದನ್ನು ಸಂಗ್ರಹಿಸಿದರೆ ಹೀಗಾಗುತ್ತದೆ. ತರ್ದವಾಡಿ ನಾಡಿಗೆ ಸೇರಿದ ಬಾಗವಾಡಿಯ ಅಧೀಶ್ವರ ಮಾದಿರಾಜ. ಅವನ ಮಗ ಬಸವರಾಜ. ಸಂಗಮೇಶ್ವರನ ಭಕ್ತರಾದ ಈ ಬಸವರಾಜರೇ ಶಾಸನದಲ್ಲಿ ಸಂಗನ ಬಸವ ಎನಿಸಿಕೊಂಡಿದ್ದಾರೆ. ಅವರ ಅಗ್ರಜ ದೇವರಾಜಮುನಿಪ. ಆ ದೇವರಾಜಮುನಿಪನ ಸಂತತಿಯಲ್ಲಿ ಬಂದವನು ಹಾಲಬಸವಿದೇವ. ಈ ಹಾಲಬಸವಿದೇವನ ಸಂಬಂಧವಾಗಿ ನಡೆದ ದತ್ತಿಯನ್ನು ದಾಖಲಿಸುವುದೇ ಶಾಸನದ ಪ್ರಯೋಜನ.

ಮನಗೂಳಿಯಲ್ಲಿ ಇಲ್ಲದ ಗುರುತುಗಳು ಇಲ್ಲಿ ಒಟ್ಟಾಗಿ ದೊರೆಯುತ್ತವೆ. ಕವಿಗಳು ಹೇಳಿದ ತಂದೆ ಮಾದಿರಾಜ, ಕವಿಗಳು ಹೇಳಿದ ಊರು ಬಾಗೇವಾಡಿ, ವಚನಗಳ ಅಂಕಿತದಲ್ಲಿ ನಿತ್ಯವೂ ಮೊಳಗುವ ಸಂಗಮನಾಥ. ಚೆನ್ನಬಸವಣ್ಣನವರೇ ಮೊದಲಾದ ಶರಣರು ತಮ್ಮ ವಚನಗಳಲ್ಲಿ ‘ಸಂಗನಬಸವಣ್ಣ’ ಎಂದು ಕರೆದಿರುವುದನ್ನು ನೆನೆದರೆ, ಕಲ್ಲಿನಲ್ಲಿರುವ ಹೆಸರೂ ವಚನಗಳಲ್ಲಿರುವ ಹೆಸರೂ ಒಬ್ಬರದೇ ಎಂಬುದರಲ್ಲಿ ಸಂಶಯಕ್ಕೆ ಎಡೆಯಿರುವುದಿಲ್ಲ. ಡಾ. ಪಿ.ಬಿ. ದೇಸಾಯಿಯವರು 1968ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಬಸವೇಶ್ವರರ ಚರಿತ್ರೆಗೆ ಈ ಶಾಸನವನ್ನು ಮುಖ್ಯ ಆಧಾರಗಳಲ್ಲೊಂದಾಗಿ ಬಳಸಿಕೊಂಡಿದ್ದಾರೆ.

ಶಾಸನದ ಪರೀಕ್ಷೆ

ಕಲ್ಲಿನಲ್ಲಿ ಕೆತ್ತಿದುದೆಲ್ಲವೂ ಸತ್ಯವೆಂದು ನಂಬುವುದು ಮಾತ್ರ ಸಲ್ಲದು. ಶಾಸನಗಳಲ್ಲಿಯೂ ಹೊಗಳಿಕೆಯುಂಟು, ಕಲ್ಪಿತ ವಂಶಾವಳಿಗಳುಂಟು. ಎಷ್ಟೋ ಅರಸುಮನೆತನಗಳು ತಮ್ಮ ಮೂಲವನ್ನು ಸೂರ್ಯಚಂದ್ರರವರೆಗೆ ಒಯ್ದಿವೆ. ಹಾಲಬಸವಿದೇವನ ಗೌರವವನ್ನು ಹೆಚ್ಚಿಸುವುದಕ್ಕಾಗಿ ಮಹಾಪುರುಷರೊಬ್ಬರ ನಂಟನ್ನು ಅವನಿಗೆ ಕಟ್ಟಿರಬಾರದೇಕೆ ಎಂಬ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು.

ಮೊದಲನೆಯದಾಗಿ, ಕಟ್ಟುಕಥೆಯನ್ನು ಹೆಣೆಯುವವನು ಬಸವಣ್ಣನವರ ನೇರ ಸಂತತಿಯೆಂದೇ ಹೇಳಿಕೊಳ್ಳುತ್ತಿದ್ದನು. ಮರಿಮಗನೆಂದು ಹೇಳಿಕೊಳ್ಳುವ ಅವಕಾಶವಿರುವಾಗ ಅಣ್ಣನ ಪೀಳಿಗೆಯವನೆಂದು ಏಕೆ ಹೇಳಿಕೊಳ್ಳಬೇಕು? ಅದೂ, ಹರಿಹರನ ರಗಳೆಯ ಕಥೆಯಲ್ಲಾಗಲಿ ಬಸವಪುರಾಣದ ಕಥೆಯಲ್ಲಾಗಲಿ ಸ್ಥಾನವೇ ಇಲ್ಲದ ಅಣ್ಣನನ್ನು ಏಕೆ ತರಬೇಕು? ಲಾಭವಾಗುವಷ್ಟು ಹೇಳದೆ, ಇದ್ದಷ್ಟನ್ನೇ ಹೇಳುವುದು ಸತ್ಯದ ಲಕ್ಷಣ.

ಎರಡನೆಯದಾಗಿ, ಶಾಸನವು ಕಾವ್ಯವನ್ನು ನೋಡಿ ಬರೆದುದಲ್ಲವೆಂಬುದಕ್ಕೂ ಈ ದೇವರಾಜನೇ ಸಾಕ್ಷಿ. ಕವಿಗಳ ಕಥೆಯಲ್ಲಿಲ್ಲದ ವ್ಯಕ್ತಿಯನ್ನು ಕಲ್ಲು ಅರಿತಿದೆ. ಆ ಅರಿವು ಮನೆತನದ ನೆನಪಿನಿಂದಲೇ ಬಂದಿರಬೇಕು.

ಮೂರನೆಯದಾಗಿ, ದತ್ತಿಶಾಸನವು ಒಂದು ಆಸ್ತಿಪತ್ರ. ಆಳುವ ಅರಸನ ಹೆಸರು, ತಿಥಿ, ಕೊಟ್ಟವರು, ಪಡೆದವರು, ಭೂಮಿಯ ಸೀಮೆ, ಅಳಿದವರಿಗೆ ಶಾಪ ಇವು ಅದರ ಅಂಗಗಳು. ಊರ ಮುಂದೆ ಎಲ್ಲರೂ ಕಾಣುವಂತೆ ನಿಲ್ಲಿಸುವ ಕಲ್ಲು ಅದು. ಪಡೆದವನ ವಂಶವನ್ನು ಅದರಲ್ಲಿ ನಮೂದಿಸುವುದು ಅಲಂಕಾರಕ್ಕಷ್ಟೇ ಅಲ್ಲ. ಮುಂದೆ ಹಕ್ಕಿನ ವಿವಾದ ಬಂದರೆ ಪಡೆದವನು ಯಾರೆಂಬುದು ನಿಸ್ಸಂಶಯವಾಗಿರಬೇಕು. 90 ವರ್ಷಗಳೆಂದರೆ ಮೂರು ತಲೆಮಾರಿನ ಮಾತು. ಅಜ್ಜನ ಬಾಯಿಂದ ಕೇಳಿದವರು ಊರೂರಿನಲ್ಲಿ ಇನ್ನೂ ಬದುಕಿರುವ ಕಾಲದಲ್ಲಿ, ನಾಡಿಗೆಲ್ಲ ಹೆಸರಾದ ಪುರುಷರ ತಂದೆಯ ಹೆಸರನ್ನು ತಪ್ಪಾಗಿ ಕೆತ್ತಿಸಿ ದಕ್ಕಿಸಿಕೊಳ್ಳುವುದು ಸುಲಭವಲ್ಲ.

ಒಂದು ತೊಡಕು ಮಾತ್ರ ಉಳಿಯುತ್ತದೆ. ತಾಯಿಯು ಗಂಡುಮಗುವಿಗಾಗಿ ವ್ರತವನ್ನು ಕೈಗೊಂಡಳೆಂಬ ಬಸವಪುರಾಣದ ಕಥೆಗೂ ಅಣ್ಣನಿದ್ದನೆಂಬ ಶಾಸನದ ಮಾತಿಗೂ ಹೊಂದಿಕೆಯಾಗುವುದಿಲ್ಲ. ದೈವದತ್ತವಾದ ಹುಟ್ಟು ಮಹಾಪುರುಷರ ಪುರಾಣಗಳಲ್ಲೆಲ್ಲ ಕಂಡುಬರುವ ಸಂಪ್ರದಾಯ. ಅದರ ಸತ್ಯ ಭಕ್ತಿಯ ಸತ್ಯ. ಸಂಬಂಧವನ್ನು ನಿರ್ಣಯಿಸುವಾಗ ಮಾತ್ರ ಹಕ್ಕಿನ ಪತ್ರದ ಮಾತಿಗೆ ಪ್ರಾಶಸ್ತ್ಯ ಕೊಡಬೇಕಾಗುತ್ತದೆ. ಹಾಗೆಂದು ಕವಿಗಳ ಋಣವನ್ನು ಮರೆಯುವಂತಿಲ್ಲ. ತಂದೆಯ ಹೆಸರನ್ನು ಕಲ್ಲು ಖಚಿತಪಡಿಸಿತು. ತಾಯಿಯ ಹೆಸರನ್ನು ನಾಡಿನ ನೆನಪಿನಲ್ಲಿ ಉಳಿಸಿದವರು ಕವಿಗಳೇ. ಬಾಗೇವಾಡಿಗೆ ಹತ್ತಿರದ ಇಂಗಳೇಶ್ವರವು ಆ ತಾಯಿಯ ತವರೆಂಬ ಐತಿಹ್ಯವನ್ನು ಜನ ಇಂದಿಗೂ ಹೇಳುತ್ತಾರೆ.

ವಚನಗಳ ಮಾತು

ಇನ್ನು ಆರಂಭದಲ್ಲಿ ಎತ್ತಿದ ವಚನಗಳ ವಿಚಾರ. ಈಚಿನ ದಶಕಗಳಲ್ಲಿ ಕೆಲವರು ಚೆನ್ನಯ್ಯ ಕಕ್ಕಯ್ಯರ ಉಲ್ಲೇಖವುಳ್ಳ ವಚನಗಳನ್ನು ವಂಶದ ದಾಖಲೆಗಳಂತೆ ಓದಿ, ಬಸವಣ್ಣನವರ ಜನನವನ್ನೇ ಬೇರೆ ಬಗೆಯಾಗಿ ವಿವರಿಸಲು ಯತ್ನಿಸಿರುವುದುಂಟು. ಆ ಪ್ರಯತ್ನದ ಹಿಂದೆ ಸಮತೆಯ ಕಳಕಳಿಯಿದ್ದರೂ ಓದುವ ರೀತಿ ಸರಿಯಾದುದಲ್ಲ. ಒಂದು ವಚನದಲ್ಲಿ ಚೆನ್ನಯ್ಯ ತಂದೆ. ಮತ್ತೊಂದರಲ್ಲಿ ಅವನ ಮನೆಯ ಆಳಿನ ಮೂಲಕ ಸಂಬಂಧ. ಒಂದರಲ್ಲಿ ಕಕ್ಕಯ್ಯನೂ ಪಿತೃಸಮಾನ. ಮತ್ತೊಂದರಲ್ಲಿ ಅವನ ಮನೆಯ ತೊತ್ತಿನ ಮೂಲಕ ನಂಟು. ಅಕ್ಷರಶಃ ಗ್ರಹಿಸಿದರೆ ಈ ವಚನಗಳೇ ಒಂದಕ್ಕೊಂದು ವಿರುದ್ಧವಾಗುತ್ತವೆ. ಭಾವವನ್ನು ಗ್ರಹಿಸಿದರೆ ಎಲ್ಲವೂ ಒಂದೇ ಮಾತನ್ನು ಹೇಳುತ್ತವೆ: ಶರಣರೇ ಬಂಧುಗಳು, ಅವರಲ್ಲಿಯೂ ಲೋಕವು ಕೀಳೆಂದು ಕಂಡವರೇ ಹಿರಿಯರು.

ಇದಲ್ಲದೆ, ಉತ್ತಮವೆನಿಸಿದ ಕುಲದಲ್ಲಿ ಹುಟ್ಟಿದೆನೆಂಬ ಭಾರವನ್ನು ತಮ್ಮ ಮೇಲೆ ಹೊರಿಸಬೇಡವೆಂದು ಕೂಡಲಸಂಗಮನಲ್ಲಿ ಬಸವಣ್ಣನವರು ಮೊರೆಯಿಡುವ ವಚನವೊಂದುಂಟು. ಆ ಹುಟ್ಟಿನ ಕಾರಣದಿಂದ ಕಕ್ಕಯ್ಯನು ತನ್ನ ಪ್ರಸಾದವನ್ನು ಕೊಡಲೊಲ್ಲನೆಂದು, ಚೆನ್ನಯ್ಯನು ತಮ್ಮನ್ನು ಮನ್ನಿಸಲೊಲ್ಲನೆಂದು ಅವರು ಅಲ್ಲಿ ಕೊರಗುತ್ತಾರೆ. ಈ ವಚನವು ಪಿತೃತ್ವದ ಪ್ರಶ್ನೆಗೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ. ಹೊರೆಯನ್ನು ಹೊತ್ತವನು ಮಾತ್ರ ಇಳಿಸೆಂದು ಬೇಡುತ್ತಾನೆ. ಲೋಕದ ಕಣ್ಣಿಗೆ ಉಚ್ಚವೆನಿಸಿದ ಮನೆಯಲ್ಲಿ ಹುಟ್ಟಿದವರಲ್ಲದಿದ್ದರೆ ಈ ಕೊರಗಿಗೆ ಅರ್ಥವೇ ಇರುತ್ತಿರಲಿಲ್ಲ. ಹೀಗೆ ರಗಳೆಯು ಹೇಳಿದುದನ್ನು ಕಲ್ಲು ಖಚಿತಪಡಿಸಿದರೆ, ಕಲ್ಲು ಹೇಳಿದುದಕ್ಕೆ ಬಸವಣ್ಣನವರ ಅಂತರಂಗವೇ ಒಪ್ಪಿಗೆಯ ಮುದ್ರೆಯೊತ್ತುತ್ತದೆ.

ಶೋಧನೆಯ ಪ್ರಯೋಜನ

ಹುಟ್ಟನ್ನು ತೊರೆದವರ ಹುಟ್ಟನ್ನು ಇತಿಹಾಸವು ಏಕೆ ಹುಡುಕಬೇಕು ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ತ್ಯಾಗದ ತೂಕವನ್ನು ತಿಳಿಯಬೇಕಾದರೆ ತೊರೆದ ವಸ್ತು ಯಾವುದೆಂಬುದು ತಿಳಿದಿರಬೇಕು. ಏನೂ ಇಲ್ಲದವನು ಎಲ್ಲವನ್ನೂ ತೊರೆದೆನೆಂದರೆ ಅದು ಬರಿಯ ಮಾತು. ಬಾಗೇವಾಡಿಯ ಅಧೀಶ್ವರನ ಮಗ, ಮಾನಮನ್ನಣೆಗಳು ಹುಟ್ಟಿನಿಂದಲೇ ಒದಗಿದ್ದವರು, ಅವೆಲ್ಲವನ್ನೂ ಕೆಳಗಿಳಿಸಿ ಚೆನ್ನಯ್ಯನ ಮನೆಯ ಆಳಿನ ಬಂಧುತ್ವವನ್ನು ಬೇಡಿದರೆಂಬುದು ನಾಡಿನ ಚರಿತ್ರೆಯಲ್ಲಿ ನಡೆದ ಒಂದು ಘಟನೆ. ಅರ್ಜುನವಾಡದ ಶಾಸನವು ಆ ಘಟನೆಯ ಒಂದು ತುದಿಯನ್ನು ಹಿಡಿದು ನಿಲ್ಲಿಸಿದೆ. ಇನ್ನೊಂದು ತುದಿ ವಚನಗಳಲ್ಲಿದೆ. ಒಂದು ತುದಿಯನ್ನು ಬಿಟ್ಟರೆ ಬಸವಣ್ಣನವರು ಪುರಾಣಪುರುಷರಷ್ಟೇ ಆಗುತ್ತಾರೆ. ಇನ್ನೊಂದನ್ನು ಬಿಟ್ಟರೆ ಅನೇಕ ಅಗ್ರಹಾರಪುತ್ರರಲ್ಲಿ ಒಬ್ಬರಾಗಿ ಉಳಿಯುತ್ತಾರೆ.

ಇಂದು ಮನೆಮನೆಯಲ್ಲಿ ತಮ್ಮ ಮೂಲಪುರುಷನನ್ನು ಅರಸುವ ಆಸಕ್ತಿ ಮೂಡಿದೆ. ಹೆಳವರ ಹೊತ್ತಿಗೆಗಳು, ದತ್ತಿಯ ಪತ್ರಗಳು, ಮಠಗಳ ಕಡತಗಳು, ಊರ ಮುಂದಿನ ಕಲ್ಲುಗಳು ಇವೆಲ್ಲ ಆ ಶೋಧನೆಗೆ ಒದಗುವ ಸಾಧನಗಳು. ಗೆದ್ದಲು ತಿನ್ನುವ ಮೊದಲೇ, ಕಟ್ಟಡದ ಬುನಾದಿಗೆ ಸೇರುವ ಮೊದಲೇ ಅವುಗಳನ್ನು ಉಳಿಸಿಕೊಳ್ಳುವುದು ಎಲ್ಲರ ಕರ್ತವ್ಯ. ಆದರೆ ಹೆಸರಿನ ಸಾಮ್ಯಕ್ಕೆ ಮೋಸಹೋಗದಿರುವುದು, ಹೊಗಳಿಕೆಯನ್ನು ದಾಖಲೆಯೆನ್ನದಿರುವುದು, ಪ್ರತಿಯೊಂದು ಆಧಾರವನ್ನು ಅದು ಹುಟ್ಟಿದ ಉದ್ದೇಶವನ್ನರಿತು ಓದುವುದು, ಈ ಮೂರು ನಿಯಮಗಳನ್ನು ಮರೆಯಬಾರದು. ದೊರೆತ ಮೂಲಪುರುಷನ ಹೆಸರಿನಿಂದ ಕುಲದ ಹೆಮ್ಮೆಯೊಂದನ್ನೇ ಬೆಳೆಸಿಕೊಂಡರೆ, ಮಾದಿರಾಜನ ಮಗ ಇಳಿಸಿದ ಹೊರೆಯನ್ನು ಮತ್ತೆ ತಲೆಯ ಮೇಲೆ ಹೊತ್ತಂತಾಗುತ್ತದೆ.